ವೃತ್ತದೊಳಗಿನ ಗಾಡಿ

"ಕಣ್ಣು ಬಿಡೇ ಮುಂಡೇದೇ. ಸ್ಟೇರಿಂಗ್ ಹಿಡ್ಕೊಂಡು ಯಾರಾದ್ರೂ ನೆಲ ನೋಡ್ತಾರೇನೇ?"

"ಕಣ್ಣು ಮುಚ್ಚಿಲ್ಲ ಮೇಷ್ಟ್ರೇ. ತಗ್ಗಿಸಿದೀನಿ ಅಷ್ಟೆ."

"ಯಾಕೆ ತಗ್ಗಿಸ್ದೆ?"

"ದೊಡ್ಡೋರು ಬಂದ್ರಲ್ಲ."

ಡ್ರೈವಿಂಗ್ ಮೇಷ್ಟ್ರು ಹಣೆ ಹಿಡಿದುಕೊಂಡು ಮುಂದಿನ ಗಾಜಿನಾಚೆ ನೋಡಿದರು. ಬಂದ ದೊಡ್ಡೋರು ಅಂದರೆ ಒಂದು ಉದ್ದನೆಯ ಕಪ್ಪು ಕಾರು. ಅದು ಎದುರು ಸಾಲಿನಲ್ಲಿ ಯಾರ ಗೊಡವೆಯೂ ಇಲ್ಲದೆ ತನ್ನ ಪಾಡಿಗೆ ತಾನು ಹೋಗಿ ಆಗಿತ್ತು. ಅದು ಕಂಡ ಗಳಿಗೆಯಲ್ಲೇ ಗಿಡ್ಡಿ ತನ್ನ ಗಾಡಿಯನ್ನು ಅಂಚಿಗೆ ಎಳೆದು, ಕಾಲುದಾರಿಯ ಕಲ್ಲಿಗೆ ಚಕ್ರ ಒತ್ತರಿಸಿ, ಬ್ರೇಕು ತುಳಿದು, ತಲೆ ಬಗ್ಗಿಸಿ ಕೂತುಬಿಟ್ಟಿದ್ದಳು. ಹಿಂದೆ ನಾಲ್ಕು ಗಾಡಿಗಳು ಹಾರನ್ನು ಬಡಿಯುತ್ತಿದ್ದವು.

"ಹೋದ್ರಾ?" ಎಂದು ಕೇಳಿದಳು ಗಿಡ್ಡಿ, ತಲೆಯೆತ್ತದೆ.

"ಹೋದ್ರು ತಾಯಿ. ನಮ್ಮ ಮಾನಾನೂ ಜೊತೇಲಿ ತಗೊಂಡು ಹೋದ್ರು. ಈಗ ಗಾಡಿ ಬಿಡು."

ಗಿಡ್ಡಿ ಅನ್ನುವುದು ಅವಳ ಹೆಸರಲ್ಲ, ಅಳತೆ. ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣಬೇಕಾದರೆ ಅವಳ ಕೆಳಗೆ ಎರಡು ದಿಂಬು ಬೇಕು. ಆ ದೂರದ ದೇಶಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ಒಂದೇ ಮನೆಯಲ್ಲಿ ಕಸ, ಮುಸುರೆ, ಬಟ್ಟೆ, ಇಸ್ತ್ರಿ. ಆ ಮನೆಯಲ್ಲಿ ಅಡುಗೆಮನೆಯಿಂದ ಮಲಗುವ ಕೋಣೆಗಳ ತನಕ ಉದ್ದಕ್ಕೆ ಒಂದು ಕಾರಿಡಾರು, ಆ ಕಾರಿಡಾರಿಗೆ ಒಂದು ಕಟ್ಟಳೆ. ಮನೆಯವರು ಯಾರೇ ಎದುರು ಬರಲಿ, ಆಳಾದವರು ಗೋಡೆಗೆ ಬೆನ್ನು ಹಚ್ಚಿ, ಕೈಯಲ್ಲಿದ್ದುದನ್ನು ಎದೆಗೆ ಒತ್ತಿಕೊಂಡು, ಕಣ್ಣು ನೆಲಕ್ಕೆ ಹಾಕಿ, ಅವರು ದಾಟುವ ತನಕ ಉಸಿರು ಸಣ್ಣದು ಮಾಡಿಕೊಂಡು ನಿಲ್ಲಬೇಕು. ಅಯ್ಯಾವ್ರು, ಅಮ್ಮಾವ್ರು, ಅವರ ಇಬ್ಬರು ಹೆಣ್ಣುಮಕ್ಕಳು, ಬಂದ ನೆಂಟರು, ಕೊನೆಗೆ ಮುದ್ದು. ಮುದ್ದು ಅಂದರೆ ಮನೆಯ ನಾಯಿ. ಮೊಣಕಾಲೆತ್ತರದ ಆ ಬಿಳಿ ಪ್ರಾಣಿ ಕಾರಿಡಾರಿನ ನಟ್ಟನಡುವೆ ಬಾಲವೆತ್ತಿಕೊಂಡು ಬರುವಾಗ ಗಿಡ್ಡಿ ಬಟ್ಟೆಯ ಬುಟ್ಟಿ ಅಪ್ಪಿಕೊಂಡು ಗೋಡೆಗೆ ಅಂಟಿರುತ್ತಿದ್ದಳು. ನಾಯಿ ಒಂದು ಸಲ ನಿಂತು, ಅವಳ ಪಾದ ಮೂಸಿ, ಸಲ್ಲಬೇಕಾದದ್ದು ಸಂದಿತು ಅನ್ನುವ ಗತ್ತಿನಲ್ಲಿ ಮುಂದೆ ಹೋಗುತ್ತಿತ್ತು.

ಹೀಗೆ ಪಳಗಿದ ಮೈ ರಸ್ತೆಗೆ ಇಳಿದ ಮೇಲೆ ತಾನಾಗಿಯೇ ಒಂದು ಲೆಕ್ಕಾಚಾರ ಹಾಕಿಕೊಂಡಿತ್ತು. ಹೊಳೆಯುವ ಕಾರು ಕಂಡರೆ ಗಾಡಿ ತಾನಾಗಿ ಅಂಚಿಗೆ ಹೋಗುತ್ತಿತ್ತು. ಕರಿಗಾಜಿನ ಕಾರಾದರೆ ಪೂರಾ ನಿಲ್ಲುತ್ತಿತ್ತು. ಆದರೆ ಕಸದ ಲಾರಿಯೋ, ತರಕಾರಿ ವ್ಯಾನೋ, ಗ್ಯಾಸ್ ಸಿಲಿಂಡರಿನ ಟೆಂಪೋವೋ ಬಂದರೆ, ಅವರೆಲ್ಲ ನಮ್ಮವರೇ ಅಲ್ಲವೇ ಎಂದು ಗಿಡ್ಡಿ ಅವುಗಳ ಮೂತಿಯ ಮುಂದೆಯೇ ನುಗ್ಗಿ, ಕಿಟಕಿಯಿಂದ ಕೈ ಬೀಸಿ ಹೋಗುತ್ತಿದ್ದಳು. ಕಲಿಸುವವರ ಬದಿಗೂ ಒಂದು ಬ್ರೇಕಿನ ತುಳಿಗೋಲಿತ್ತು. ಆ ಒಂದು ತಿಂಗಳಲ್ಲಿ ಮೇಷ್ಟ್ರ ಬಲಗಾಲು ಎಡಗಾಲಿಗಿಂತ ದಪ್ಪವಾಯಿತು ಎಂದು ಅವರೇ ಪ್ಯಾಂಟು ಮಡಚಿ ತೋರಿಸಿದ್ದರು.

"ಕೇಳು ಇಲ್ಲಿ," ಎಂದರು ಮೇಷ್ಟ್ರು ಅವತ್ತು, ಗಾಡಿಯನ್ನು ಒಂದು ಮರದ ನೆರಳಿಗೆ ತಂದು ನಿಲ್ಲಿಸಲು ಹೇಳಿ. "ವೃತ್ತ ಬಂತು ಅನ್ಕೋ. ನೀನು ಒಳಗೆ ಸುತ್ತುತಾ ಇದೀಯ. ಹೊರಗಿಂದ ಇನ್ನೊಂದು ಗಾಡಿ ಬಂತು. ಯಾರು ಮೊದಲು ಹೋಗ್ಬೇಕು?"

"ಅದ್ರಲ್ಲಿ ಯಾರು ಕೂತಿದಾರೆ?"

"ಯಾರಾದ್ರೂ ಕೂತಿರ್ಲಿ. ಒಳಗಿರೋಳು ಮೊದಲು."

"ಯಾರಾದ್ರೂನಾ?"

"ಹೂಂ, ಯಾರಾದ್ರೂ."

"ದೊಡ್ಡ ಸಾಹೇಬ್ರು?"

"ಸಾಹೇಬ್ರ ಅಪ್ಪ ಬಂದ್ರೂ ಹೊರಗೇ ಕಾಯ್ಬೇಕು."

ಗಿಡ್ಡಿ ಸ್ಟೇರಿಂಗಿನ ಸುತ್ತ ಬೆರಳಾಡಿಸಿ ಒಂದು ವೃತ್ತ ಎಳೆದಳು. ಆಮೇಲೆ, "ಇದು ಅವ್ರಿಗೂ ಗೊತ್ತಾ?" ಎಂದು ಕೇಳಿದಳು.

"ಯಾರಿಗೆ?"

"ಅದೇ, ಅವ್ರಿಗೆ."

"ಅವ್ರೂ ಇದೇ ಪುಸ್ತಕ ಓದಿ ಲೈಸೆನ್ಸ್ ತಗೊಂಡಿರೋದು ಕಣಮ್ಮ."

ಗಿಡ್ಡಿಗೆ ಅದು ನಂಬಿಕೆಯಾಗಲಿಲ್ಲ. ಅಂಥ ಮಾತನ್ನು ಅವರ ಕೈಗೆ ಯಾರು ಬರೆದು ಕೊಟ್ಟಾರು.

ಗಿಡ್ಡಿ ಡ್ರೈವಿಂಗ್ ಕಲಿಯಬೇಕೆಂದು ಹೊರಟದ್ದು ಅಮ್ಮಾವ್ರ ಅಪ್ಪಣೆಯಿಂದಲೇ. ಅಮ್ಮಾವ್ರೂ ನಮ್ಮ ಭಾಷೆಯವರೇ. ಬೈಗುಳ ಅರ್ಥವಾಗದೆ ಹೋಗುವ ಭಾಗ್ಯವೂ ಆ ಮನೆಯ ಆಳುಗಳಿಗೆ ಇರಲಿಲ್ಲ. ಮನೆಯ ಹಳೇ ಡ್ರೈವರ್ ಒಂದು ದಿನ ಬೀಗದ ಕೈಯನ್ನು ನಾಯಿಯ ತಟ್ಟೆಯಲ್ಲಿ ಇಟ್ಟು ಹೋದವನು ಮರಳಿ ಬರಲಿಲ್ಲ. ಆಮೇಲೆ ಬಂದ ಇಬ್ಬರು ಮುದ್ದುವಿಗೆ ಹಿಡಿಸಲಿಲ್ಲ.

"ಗಿಡ್ಡಿ, ನೀನು ಕಲಿ," ಎಂದಿದ್ದರು ಅಮ್ಮಾವ್ರು, ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ. "ತಿಂಗಳಿಗೆರಡು ಸಲ ಮುದ್ದೂನ ಕಟಿಂಗಿಗೆ ಕರ್ಕೊಂಡು ಹೋಗ್ಬೇಕು. ಟ್ಯಾಕ್ಸೀಲಿ ಯಾರ್ಯಾರೋ ಕೂತಿರ್ತಾರೆ. ಅದಕ್ಕೆ ಮೈ ಕೆರೆತ ಬರುತ್ತೆ."

"ನಂಗೆ ಓದೋಕೆ ಬರಲ್ಲ ಅಮ್ಮಾವ್ರೇ."

"ನಾಯಿ ಕರ್ಕೊಂಡು ಹೋಗೋಕೆ ಓದು ಯಾಕೆ? ಮೂರು ಸಲ ಪರೀಕ್ಷೆಗೆ ಕೂರ್ಬಹುದಂತೆ. ಮೂರನೇ ಸಲಾನೂ ಫೇಲಾದ್ರೆ ಊರಿಗೆ ಟಿಕೆಟ್ ಹರಿದು ಕೈಗೆ ಕೊಡ್ತೀನಿ. ಗೋಡೆ ಬಿಟ್ಟು ಆಚೆ ನಿಲ್ಲು, ಎಣ್ಣೆ ಕಲೆ ಆಗುತ್ತೆ."

ಗೋಡೆಗೆ ಅಂಟಿ ನಿಲ್ಲಬೇಕು, ಗೋಡೆಗೆ ಎಣ್ಣೆ ತಾಗಬಾರದು. ಹನ್ನೊಂದು ವರ್ಷದಲ್ಲಿ ಗಿಡ್ಡಿ ಅದನ್ನೂ ಸಾಧಿಸಿದ್ದಳು.

ಆದರೆ ಅಮ್ಮಾವ್ರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಗಿಡ್ಡಿಯ ಗಂಡನೂ ಅದೇ ಊರಿನಲ್ಲಿ ಇದ್ದ. ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಹನ್ನೆರಡು ಜನ ಗಂಡಸರಿರುವ ಕೋಣೆಯಲ್ಲಿ ಮೇಲಿನ ಮಂಚ. ಗಂಡ ಹೆಂಡಿರು ಸೇರುವುದು ವಾರಕ್ಕೆ ಎರಡು ಗಂಟೆ, ಊರ ನಡುವಿನ ಪಾರ್ಕಿನ ಬೆಂಚಿನ ಮೇಲೆ. ಅವನು ಬಂದಂದಿನಿಂದ ಏಳು ವರ್ಷ ಹೀಗೇ ನಡೆದಿತ್ತು. ಪಾರ್ಕಿನ ಕಾವಲುಗಾರ ಅವರಿಬ್ಬರನ್ನು ಅಣ್ಣ ತಂಗಿ ಅಂತಲೇ ತಿಳಿದಿದ್ದ.

ಮಕ್ಕಳ ಶಾಲೆಯೊಂದಕ್ಕೆ ವ್ಯಾನು ಓಡಿಸಲು ಹೆಂಗಸರು ಬೇಕಾಗಿದ್ದಾರೆ, ಓಡಿಸುವವಳಿಗೆ ಮನೆಯವರ ಜೊತೆ ಇರಲು ಒಂದು ಕೋಣೆ ಕೊಡುತ್ತಾರೆ ಎಂದು ಸುದ್ದಿ ತಂದವನು ಆ ಗಂಡನೇ. ಗಿಡ್ಡಿ ಹೋಗಿ ಅಲ್ಲಿನ ಮ್ಯಾನೇಜರಮ್ಮನನ್ನು ಕಂಡು ಬಂದಳು. ಆಕೆ, "ಈ ತಿಂಗಳೊಳಗೆ ಲೈಸೆನ್ಸ್ ತಗೊಂಡು ಬಾ. ಕಾಗದಪತ್ರದ ಉಳಿದ ಜಗಳವೆಲ್ಲ ನಮ್ಮದು," ಎಂದಿದ್ದಳು. ಕೋಣೆಯನ್ನೂ ತೋರಿಸಿದ್ದಳು.

"ಎಷ್ಟು ದೊಡ್ದು?" ಎಂದು ಗಂಡ ಪಾರ್ಕಿನಲ್ಲಿ ಕೇಳಿದ.

"ನೀವು ಕಾಲು ಚಾಚಿ ಮಲಗಿದ್ರೆ ನಾನು ಮುದುರ್ಕೊಂಡು ಮಲಗ್ಬೇಕು."

"ಕಿಟಕಿ?"

"ಇದೆ. ತೆಗೆದ್ರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತೆ."

"ಮತ್ತೆ ಬಾಗಿಲು?"

ಗಿಡ್ಡಿ ಸ್ವಲ್ಪ ನಾಚಿಕೊಂಡಳು. "ಚಿಲಕ ಒಳಗಡೆಯಿಂದ ಇದೆ ರೀ," ಎಂದಳು.

ಗಂಡ ಬೆಂಚಿನ ಮೇಲೆ ಅರ್ಧ ಗೇಣು ಹತ್ತಿರ ಸರಿದ. ಕಾವಲುಗಾರ ಕೆಮ್ಮಿದ. ಗಂಡ ಅರ್ಧ ಗೇಣು ಹಿಂದೆ ಸರಿದ.

ಓದಲು ಬಾರದವಳು ನೂರಿಪ್ಪತ್ತು ನಿಯಮಗಳನ್ನು ಬಾಯಿಪಾಠ ಮಾಡುವುದು ಹೇಗೆ? ಆ ದಾರಿಯನ್ನು ತೋರಿದವಳು ಅಡುಗೆಯಜ್ಜಿ. ಅದೇ ಮನೆಯಲ್ಲಿ ಒಲೆ ನೋಡಿಕೊಳ್ಳುವ ಈ ಅಜ್ಜಿಗೆ ಚಿಕ್ಕಂದಿನಲ್ಲಿ ಕಾವ್ಯವಾಚನ ಕೇಳಿದ್ದು ಇನ್ನೂ ಕಿವಿಯಲ್ಲಿತ್ತು. ರಾಗ ಹಚ್ಚದೆ ಅವಳು ಸಾರಿಗೆ ಉಪ್ಪನ್ನೂ ಹಾಕಳು. ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನು ಗಿಡ್ಡಿ ಹೊತ್ತು ತಂದು ಅಡುಗೆಮನೆಯಲ್ಲಿ ಸುರಿದರೆ, ಅಮ್ಮಾವ್ರು ಮಧ್ಯಾಹ್ನ ನಿದ್ದೆ ಮಾಡುವ ಹೊತ್ತಿಗೆ ಅಜ್ಜಿ ಅದನ್ನು ಪದ್ಯ ಮಾಡಿ, ಕಣ್ಣು ಮುಚ್ಚಿ, ಸೌಟಿನಲ್ಲಿ ತಾಳ ಹಾಕುತ್ತ ಎತ್ತುತ್ತಿದ್ದಳು:

"ವೃತ್ತದೊಳಗಿಹ ಗಾಡಿ ಮೊದಲಿಗ
ಎತ್ತಿನಂದದಿ ಕಾದು ನಿಲ್ಲುತ
ಸುತ್ತ ನೋಡಿಯೆ ಹೊರಗಿನಾತನು ಒಳಗೆ ಬರತಕ್ಕುದು."

"ಎತ್ತು ಯಾಕೆ ಬಂತಜ್ಜಿ? ಮೇಷ್ಟ್ರು ಎತ್ತು ಹೇಳ್ಲಿಲ್ಲ."

"ಪ್ರಾಸಕ್ಕೆ ಬೇಕು, ಸುಮ್ನಿರೇ. ಎತ್ತಿದ್ರೆ ನಿಯಮ ನಿಲ್ಲುತ್ತೆ. ಎತ್ತಿಲ್ದೆ ನಿಂತಿರೋ ನಿಯಮ ನಾನು ನೋಡಿಲ್ಲ."

"ಇದು ಅಮ್ಮಾವ್ರಂಥೋರಿಗೂ ಅನ್ವಯಿಸುತ್ತಂತೆ ಅಜ್ಜಿ. ಮೇಷ್ಟ್ರು ಮೂರು ಸಲ ಹೇಳಿದ್ರು."

ಅಜ್ಜಿ ಸೌಟು ಕೆಳಗಿಟ್ಟಳು. ಒಮ್ಮೆ ಕಾರಿಡಾರಿನ ಕಡೆ ನೋಡಿದಳು. ಆಮೇಲೆ ಅದೇ ಪದ್ಯವನ್ನು ಇನ್ನೊಂದು ಸಲ, ಈ ಸಲ ಸ್ವಲ್ಪ ಮೇಲಿನ ಶ್ರುತಿಯಲ್ಲಿ, ಬಹಳ ಭಕ್ತಿಯಿಂದ ಹಾಡಿದಳು.

ನಿಯಮದ ಪರೀಕ್ಷೆ ಕಂಪ್ಯೂಟರಿನ ಮುಂದೆ. ಓದಲು ಬಾರದವರಿಗೆ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟು ಅವರವರ ಭಾಷೆಯಲ್ಲೇ ಪ್ರಶ್ನೆ ಕೇಳಿಸುತ್ತಿದ್ದರು. ಗಿಡ್ಡಿ ಪ್ರತಿ ಪ್ರಶ್ನೆಗೂ ತಕ್ಕ ಪದ್ಯ ಸಿಗುವ ತನಕ ಮೊದಲಿಂದ ಗುನುಗಿಕೊಂಡು ಬಂದು, ಸಿಕ್ಕ ಕೂಡಲೇ ಗುಂಡಿ ಒತ್ತುತ್ತಿದ್ದಳು. ಕಿವಿ ಮುಚ್ಚಿದ್ದರಿಂದ ತನ್ನ ದನಿ ಎಷ್ಟು ಏರಿದೆ ಎಂದು ಅವಳಿಗೇ ತಿಳಿಯಲಿಲ್ಲ. ಕೋಣೆಯಲ್ಲಿದ್ದ ಮೂವತ್ತು ಜನ ತಿರುಗಿ ನೋಡುತ್ತಿದ್ದರು. ಕಾವಲಿಗಿದ್ದವನು ಎರಡು ಸಲ ಬಂದು ಬಾಯಿಗೆ ಬೆರಳಿಟ್ಟು ತೋರಿಸಿದ. ಅವಳು ಪಲ್ಲವಿ ಮುಗಿಸಿಯೇ ನಿಲ್ಲಿಸಿದಳು. ಒಂದು ಬಿಟ್ಟು ಎಲ್ಲ ಉತ್ತರವೂ ಸರಿ. ತಪ್ಪಿದ್ದು ಇದು: ಹಿಂದಿನ ಗಾಡಿಯವರು ಸುಮ್ಮಸುಮ್ಮನೆ ಹಾರನ್ನು ಬಡಿದರೆ ನೀವು ಏನು ಮಾಡಬೇಕು? ಗಿಡ್ಡಿ ಒತ್ತಿದ್ದು, ಇಳಿದು ಹೋಗಿ ಕ್ಷಮೆ ಕೇಳಬೇಕು ಅನ್ನುವುದನ್ನು.

ರಸ್ತೆಯ ಪರೀಕ್ಷೆ ಬೇರೆ. ಅಲ್ಲಿ ರಾಗ ನಡೆಯದು. ಪರೀಕ್ಷಕರು ಬೋಳುತಲೆಯ, ನಗು ಕಾಣದ ಮನುಷ್ಯ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಅವರಾಡುವುದು ಆ ಊರಿನ ಮಾತು. ಗಿಡ್ಡಿ ಅದನ್ನು ಅಂಗಡಿ ಬೀದಿಗಳಲ್ಲಿ ಕಲಿತು ಚೆನ್ನಾಗಿಯೇ ಆಡುತ್ತಿದ್ದಳು.

ಮೊದಲ ಸಲ ದೊಡ್ಡ ವೃತ್ತದ ಬಾಯಿಗೆ ಬಂದು ನಿಂತವಳು ನಿಂತೇ ಇದ್ದಳು. ಬಿಳಿ ಕಾರು ಹೋಯಿತು, ಕೆಂಪು ಕಾರು ಹೋಯಿತು. ದಾರಿ ಪೂರಾ ಖಾಲಿಯಾಯಿತು. ಇನ್ನೇನು ಹೋಗಬೇಕು, ಅಷ್ಟರಲ್ಲಿ ಬಹಳ ದೂರದಲ್ಲಿ ಇನ್ನೊಂದು ಹೊಳೆಯುವ ಕಾರು ಕಾಣಿಸಿತು. ಅದೂ ಬಂದು ಹೋಗಲಿ ಎಂದು ಗಿಡ್ಡಿ ಸೆರಗು ಸರಿಮಾಡಿಕೊಂಡು ಕೂತಳು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಹದಿನೇಳು ಕಾರು ದಾಟಿದ ಮೇಲೆ ವೃತ್ತದೊಳಗೆ ಒಂದು ಕಸದ ಲಾರಿ ಬಂತು. ನಮ್ಮವನು ಬಂದ ಎಂದು ಗಿಡ್ಡಿ ಉತ್ಸಾಹದಿಂದ ಅದರ ಮೂತಿಗೇ ನುಗ್ಗಿದಳು. ಲಾರಿಯವನು ಬ್ರೇಕು ಒತ್ತಿದ ಹೊಡೆತಕ್ಕೆ ಮೂರು ಚೀಲ ಕಸ ಇವರ ಮುಂದಿನ ಗಾಜಿನ ಮೇಲೆ ಬಿತ್ತು.

ಎರಡನೇ ಸಲ ಎಲ್ಲವೂ ಚೆನ್ನಾಗಿತ್ತು. ವೃತ್ತ ಖಾಲಿಯಿತ್ತು, ಸಿಗ್ನಲ್ಲು ಹಸಿರಿತ್ತು. ಗಾಡಿಯನ್ನು ಪರೀಕ್ಷೆಯ ಅಂಗಳಕ್ಕೆ ತಂದು ನಿಲ್ಲಿಸಿದ್ದೂ ಗೆರೆಯ ಒಳಗೇ. ಪರೀಕ್ಷಕರ ಪೆನ್ನು ಸಹಿಯ ಜಾಗಕ್ಕೆ ಹೋಗುವುದನ್ನು ಕಂಡಳು. ಆಗ ಅವಳ ಮೈ ತನಗೆ ಗೊತ್ತಿದ್ದ ಮರ್ಯಾದೆ ಮಾಡಿತು: ಪಟ್ಟನೆ ಇಳಿದು, ಪರೀಕ್ಷಕರ ಕಡೆಯ ಬಾಗಿಲು ತೆಗೆದು ಹಿಡಿಯಲೆಂದು ಗಾಡಿಯನ್ನು ಸುತ್ತಿಕೊಂಡು ಓಡಿದಳು. ದೊಡ್ಡೋರು ತಾವೇ ಬಾಗಿಲು ತೆಗೆಯುವುದುಂಟೇ. ಹ್ಯಾಂಡ್‌ಬ್ರೇಕು ಹಾಕಿರಲಿಲ್ಲ. ಅಂಗಳ ಇಳಿಜಾರು. ಅವಳು ಆ ಬದಿಗೆ ಬಂದು ಬಗ್ಗಿ ಕೈ ಚಾಚುವಷ್ಟರಲ್ಲಿ ಬಾಗಿಲು ಅಲ್ಲಿರಲಿಲ್ಲ. ಪರೀಕ್ಷಕರು ಹಲಗೆಯನ್ನು ಎದೆಗೆ ಒತ್ತಿಕೊಂಡು, ನಿಧಾನವಾಗಿ, ಘನವಾಗಿ ಮುಂದೆ ಸಾಗಿ ಬೇಲಿಯ ಗಿಡಗಳೊಳಗೆ ಮರೆಯಾದರು.

ಆ ತಪ್ಪಿಗೆ ಅವರ ಕಾಗದದಲ್ಲಿ ಚೌಕವೇ ಇರಲಿಲ್ಲ. ಅಂಚಿನಲ್ಲಿ ಕೈಯಿಂದ ಬರೆದರು.

"ಎರಡು," ಎಂದರು ಅಮ್ಮಾವ್ರು ಕಾರಿಡಾರಿನಲ್ಲಿ, ಗೋಡೆಗಂಟಿದ್ದ ಗಿಡ್ಡಿಯ ಮುಖದ ಮುಂದೆ ಎರಡು ಬೆರಳು ಆಡಿಸಿ. "ಎರಡು ಸಲ ದಂಡ ಆಯ್ತು. ಮೂಳೆ ತೋರಿಸಿದ್ರೆ ಮುದ್ದು ಎರಡನೇ ಸಲಕ್ಕೆ ಕಲಿಯುತ್ತೆ, ಗೊತ್ತಾ? ನಿಂದು ತಲೆನೋ, ಹಂಡೆನೋ? ಮೂಲೆ ಗುಡಿಸೋ ಜಾತಿಗೆ ಸ್ಟೇರಿಂಗ್ ಕೊಟ್ಟಿದ್ದು ನಂದೇ ತಪ್ಪು."

ಗಿಡ್ಡಿ ಅವರ ಪಾದ ನೋಡುತ್ತಿದ್ದಳು. ಮನೆಯವರನ್ನೆಲ್ಲ ಅವಳು ಗುರುತಿಸುವುದು ಪಾದದಿಂದಲೇ. ಅಮ್ಮಾವ್ರ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

"ಮುಂದಿನ ಪರೀಕ್ಷೆ ಯಾವತ್ತು?"

"ಗುರುವಾರ ಬೆಳಗ್ಗೆ ಅಮ್ಮಾವ್ರೇ."

"ಗುರುವಾರ ಮುದ್ದುಗೆ ಕಟಿಂಗ್ ಇದೆ. ಆ ಹೊತ್ತು ತಪ್ಪಿದ್ರೆ ಮತ್ತೆ ಹದಿನೈದು ದಿನ ಸಿಗಲ್ಲ. ನಿನ್ನಿಂದ ನಾನೇ ಓಡಿಸ್ಕೊಂಡು ಹೋಗೋ ಗ್ರಹಚಾರ. ಫೇಲಾಗಿ ಬಂದ್ರೆ ಮನೆ ಒಳಕ್ಕೆ ಬರ್ಬೇಡ. ಪೆಟ್ಟಿಗೆ ಗೇಟಿನ ಹತ್ರ ಇಡಿಸಿರ್ತೀನಿ."

ಅವರು ದಾಟಿ ಹೋದರು. ಹಿಂದೆಯೇ ನಾಯಿ ದಾಟಿತು.

ಆ ವಾರ ಪಾರ್ಕಿನಲ್ಲಿ ಗಂಡ ಹೆಂಡಿರು ಬೆಂಚಿನಲ್ಲಿ ಕೂರಲಿಲ್ಲ. ಪಾರ್ಕಿನ ನಡುವೆ ಒಂದು ಗುಂಡನೆಯ ಕಾರಂಜಿ ಇತ್ತು. ಅದೇ ವೃತ್ತ. ಗಿಡ್ಡಿ ಪಾತ್ರೆಯ ಮುಚ್ಚಳವನ್ನು ಸ್ಟೇರಿಂಗಿನಂತೆ ಹಿಡಿದು ಸುತ್ತಬೇಕು. ಗಂಡ ಎಲ್ಲೆಲ್ಲಿಂದಲೋ ಬೇರೆ ಬೇರೆ ಕಾರಾಗಿ ನುಗ್ಗಬೇಕು. ಮೇಷ್ಟ್ರೂ ರಜೆ ಹಾಕಿ ಬಂದು, ದಪ್ಪಗಾಲು ಚಾಚಿ ಬೆಂಚಿನಲ್ಲಿ ಕೂತು ಕೂಗುತ್ತಿದ್ದರು.

ಗಂಡ ತರಕಾರಿ ವ್ಯಾನಾಗಿ ಬಂದ. ಗಿಡ್ಡಿ ಸಲೀಸಾಗಿ ದಾಟಿದಳು. ಗಂಡ ಅಯ್ಯಾವ್ರ ಕಾರಾಗಿ, ಹೊಟ್ಟೆ ಮುಂದೆ ಮಾಡಿಕೊಂಡು ಬಂದ. ಗಿಡ್ಡಿಯ ಮುಚ್ಚಳ ತಾನಾಗಿ ಬಲಕ್ಕೆ ತಿರುಗಿತು; ಅವಳು ಹೂವಿನ ಪಾತಿಯೊಳಗೆ ಹೋಗಿ ನಿಂತು ತಲೆ ಬಗ್ಗಿಸಿದಳು.

"ಅಲ್ಲ ಕಣೇ, ಇದು ನಾನು. ನಿನ್ ಗಂಡ," ಎಂದ ಗಂಡ.

"ಹೊಟ್ಟೆ ನೋಡಿ ಹೆದರಿಕೆ ಆಯ್ತು ರೀ."

"ಇವಳಿಗೆ ಬಯ್ದು ಪ್ರಯೋಜನ ಇಲ್ಲ," ಎಂದರು ಮೇಷ್ಟ್ರು ನಿಟ್ಟುಸಿರಿಟ್ಟು. ಬೈಯದೆ ಅವರಿಗೆ ಬೇರೆ ಪಾಠ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದರು. "ತಂಗಿ, ಬಾ ಇಲ್ಲಿ. ಕಾರೊಳಗೆ ಯಾರಿದಾರೆ ಅಂತ ನೋಡ್ಬೇಡ. ಮುಖ ನೋಡ್ಬೇಡ, ಬಣ್ಣ ನೋಡ್ಬೇಡ. ಗಾಡಿ ಯಾವ ಕಡೆಯಿಂದ ಬಂತು, ಅಷ್ಟೇ ನೋಡು. ಎಡದಿಂದ ಬಂದಿರೋದು, ಬಲದಿಂದ ಬಂದಿರೋದು. ಈ ರಸ್ತೇಲಿ ಜನ ಅನ್ನೋರು ಎರಡೇ ಥರ."

"ಎರಡೇ?"

"ಎರಡೇ."

ಗಿಡ್ಡಿ ಮುಚ್ಚಳ ಹಿಡಿದು ಮತ್ತೆ ಸುತ್ತಿದಳು. ಮೂರನೇ ಸುತ್ತಿಗೆ ಗಂಡ, ಗಿಡ್ಡಿಯೇ ಎಷ್ಟೋ ಸಲ ಆಡಿ ತೋರಿಸಿದ್ದ ಅಮ್ಮಾವ್ರಾಗಿ ಬಂದ. ಸೊಂಟ ತಿರುಗಿಸುತ್ತ, ಮಣಿಕಟ್ಟು ಮಡಚಿ, ನೊಣ ಓಡಿಸುವಂತೆ ಬೆರಳು ಕೊಡವುತ್ತ, "ಸರಿ ಸರಿ, ಆಚೆ ಸರಿ," ಎಂದು ಬಂದ. ಗಿಡ್ಡಿ ತುಟಿ ಕಚ್ಚಿದಳು. "ಬಲದಿಂದ, ಬಲದಿಂದ," ಎಂದು ಗೊಣಗಿಕೊಂಡು ನೇರ ಬಂದು ಗಂಡನ ಎದೆಗೇ ಡಿಕ್ಕಿ ಹೊಡೆದಳು. ಇಬ್ಬರೂ ಕಾರಂಜಿಯ ತೊಟ್ಟಿಯೊಳಗೆ ಬಿದ್ದರು. ಸೊಂಟದ ತನಕ ನೀರಿನಲ್ಲಿ, ಏಳು ವರ್ಷದಲ್ಲಿ ಮೊದಲ ಸಲ, ಗಂಡ ಹೆಂಡತಿಯನ್ನು ಊರವರೆದುರು ಅಪ್ಪಿಕೊಂಡಿದ್ದ. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

"ಪಾಸು," ಎಂದರು ಮೇಷ್ಟ್ರು.

ಗುರುವಾರ ಬೆಳಗ್ಗೆ ಪರೀಕ್ಷಕರು ಗಾಡಿ ಹತ್ತಿದವರೇ ಮೊದಲು ಹ್ಯಾಂಡ್‌ಬ್ರೇಕು ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿಕೊಂಡರು. ಆಮೇಲೆ ತಮ್ಮ ಕಡೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಂಡರು.

"ಕೊನೆಗೆ ನೀನು ಇಳಿಯುವುದು ಬೇಡ," ಎಂದರು. "ಏನೇ ಆದರೂ ಕೂತಲ್ಲೇ ಕೂತಿರು. ತಿಳಿಯಿತೇ?"

"ತಿಳೀತು ಸಾರ್."

ಎರಡು ದಿಂಬಿನ ಮೇಲೆ ಗಿಡ್ಡಿ ನೆಟ್ಟಗೆ ಕೂತಿದ್ದಳು. ಬ್ಯಾಂಕುಗಳ ಬೀದಿ ದಾಟಿತು. ಎರಡು ಉದ್ದದ ಕಾರುಗಳು ಎದುರಾದವು. ಎಡದಿಂದ ಒಂದು, ಬಲದಿಂದ ಒಂದು, ಎಂದುಕೊಂಡು ಬಿಟ್ಟಳು. ಕರಿಗಾಜಿನದೊಂದು ಬಂತು. ಅವಳ ಬೆನ್ನು ಗೋಡೆ ಹುಡುಕಿತು, ಸಿಕ್ಕಿದ್ದು ಸೀಟು. ಅದಕ್ಕೇ ಆತುಕೊಂಡು ಮುಂದೆ ಹೋದಳು. ಪರೀಕ್ಷಕರು ಒಂದು ಚೌಕದಲ್ಲಿ ಗುರುತು ಹಾಕಿದರು. ಏನು ಗುರುತೋ, ಅವಳು ನೋಡಲಿಲ್ಲ.

ದೊಡ್ಡ ವೃತ್ತ ಬಂತು. ಗಿಡ್ಡಿ ನಿಂತಳು, ಸುತ್ತ ನೋಡಿದಳು, ಸಂದು ಸಿಕ್ಕಿತು, ಒಳಗೆ ಹೋದಳು. ಅಜ್ಜಿಯ ಪದ್ಯ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅರ್ಧ ಸುತ್ತಾಗಿತ್ತು. ಆಗ ಬಲಗಡೆಯ ಬೀದಿಯಿಂದ ಒಂದು ಎತ್ತರದ ಬಿಳಿ ಕಾರು ನಿಲ್ಲದೆ, ನೋಡದೆ, ತನ್ನ ಮೂಗನ್ನು ವೃತ್ತದೊಳಕ್ಕೆ ತೂರಿಸಿತು.

ಗಿಡ್ಡಿ ಬ್ರೇಕು ತುಳಿದಳು. ಎರಡೂ ಗಾಡಿಗಳ ಮೂತಿ ಒಂದು ಗೇಣು ಅಂತರದಲ್ಲಿ ಓರೆಯಾಗಿ ನಿಂತವು. ಅದು ಹಿಂದೆ ಹೋಗದೆ ಇದು ಮುಂದೆ ಹೋಗದು. ಇದು ಹಿಂದೆ ಹೋಗದೆ ಅದೂ ಹೋಗದು. ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಮುದ್ದು ಗಾಜಿಗೆ ಮೂಗು ಒತ್ತಿ ನೋಡುತ್ತಿತ್ತು. ಸ್ಟೇರಿಂಗಿನ ಹಿಂದೆ ಅಮ್ಮಾವ್ರು.

ಅಮ್ಮಾವ್ರು ಮೊದಲು ಹಾರನ್ನು ಬಡಿದರು. ಆಮೇಲೆ ಎದುರಿನ ಗಾಜಿನಲ್ಲಿ ಯಾರಿದ್ದಾರೆಂದು ಕಂಡು, ಹಾರನ್ನು ಬಿಟ್ಟು, ಮಣಿಕಟ್ಟು ಮಡಚಿ ಬೆರಳು ಕೊಡವಿದರು. ಹನ್ನೊಂದು ವರ್ಷ ಆ ಬೆರಳಿಗೆ ಗೋಡೆಗಂಟಿದ ಮೈ. ಗಿಡ್ಡಿಯ ಕೈ ಗೇರಿನ ಮೇಲೆ ಹೋಯಿತು. ಹಿಂದಕ್ಕೆ ಹಾಕುವ ಕಡೆಗೇ ಹೋಯಿತು.

ಪರೀಕ್ಷಕರ ಪೆನ್ನು ಕಾಗದದ ಮೇಲೆ ಇಳಿಯಲು ಕಾದು ನಿಂತಿತ್ತು. ವೃತ್ತದೊಳಗೆ ಹಿಂದಕ್ಕೆ ತೆಗೆದವರು ಅಲ್ಲಿಗೇ ಫೇಲು. ಎಂಬತ್ತಮೂರನೇ ನಿಯಮ, ಅಜ್ಜಿ ಅದಕ್ಕೂ ಒಂದು ಎತ್ತು ಕಟ್ಟಿದ್ದಳು.

ಗಿಡ್ಡಿ ಗೇರಿನಿಂದ ಕೈ ತೆಗೆದಳು.

ಅಮ್ಮಾವ್ರು ಕಿಟಕಿ ಇಳಿಸಿ ಅರ್ಧ ಮೈ ಹೊರಗೆ ಹಾಕಿದರು. "ಏಯ್ ಗಿಡ್ಡಿ, ಕಣ್ಣು ಕಾಣಲ್ವೇನೇ, ನಾನು ಕಣೇ. ಹಿಂದೆ ತಗೊಳ್ಳೇ ದರಿದ್ರದವಳೇ. ಮುದ್ದುಗೆ ಹೊತ್ತಾಗ್ತಾ ಇದೆ."

ಗಿಡ್ಡಿ ಕದಲಲಿಲ್ಲ.

"ಕೇಳಿಸ್ತಿಲ್ವಾ? ನಮ್ಮನೆ ಅನ್ನ ತಿಂದು ನಂಗೇ ಅಡ್ಡ ಹಾಕ್ತೀಯಾ ಮುಂಡೇದೇ? ನಾಳೆ ಬೆಳಗ್ಗೆ ನಿನ್ನ ವಿಮಾನಕ್ಕೆ ಹತ್ತಿಸ್ದೇ ಇದ್ರೆ ಕೇಳು."

ವೃತ್ತ ತುಂಬಿಕೊಂಡಿತು. ಹಿಂದೆ ಬಸ್ಸು, ಅದರ ಹಿಂದೆ ಕಾರುಗಳ ಸಾಲು, ಬದಿಯ ಬೀದಿಗಳಲ್ಲೂ ಸಾಲು. ಅಮ್ಮಾವ್ರ ಹಿಂದೆ ಒಂದು ಸಿಮೆಂಟಿನ ಲಾರಿ ನಿಂತಿತ್ತು. ಅದರವನು ತಾನಾಗಿಯೇ ಎರಡು ಮಾರು ಹಿಂದಕ್ಕೆ ಸರಿದು, ಬೇಕಾದಷ್ಟು ಜಾಗ ಬಿಟ್ಟುಕೊಟ್ಟು, ಕಿಟಕಿಯಲ್ಲಿ ಮೊಣಕೈಯೂರಿ ಕೂತ. ಅಮ್ಮಾವ್ರು ಹಿಂದೆ ತಿರುಗಿಯೂ ನೋಡಲಿಲ್ಲ. ಆಳಿಗೆ ದಾರಿ ಬಿಡಲು ಹಿಂದೆ ಸರಿಯುವುದು ಅನ್ನುವುದು ಅವರ ಮೈಗೂ ಯಾವ ಕಾಲದಲ್ಲೂ ಕಲಿಸಿರದ ವಿದ್ಯೆ.

ಬಸ್ಸಿನವರು ಇಳಿದು ಬಂದು ನೋಡತೊಡಗಿದರು. ನಾಯಿ ಬೊಗಳಿತು. ಗಿಡ್ಡಿಯ ಬೆವರು ಕುತ್ತಿಗೆಯಿಂದ ಇಳಿದು ಬೆನ್ನು ಸೇರುತ್ತಿತ್ತು.

"ಆ ಹೆಂಗಸು ಏನು ಹೇಳುತ್ತಿದ್ದಾಳೆ?" ಎಂದು ಕೇಳಿದರು ಪರೀಕ್ಷಕರು. ಅವರಿಗೆ ನಮ್ಮ ಭಾಷೆ ಬಾರದು.

"ದಾರಿ ಕೇಳ್ತಿದಾರೆ ಸಾರ್."

"ಕೊಡುತ್ತೀಯಾ?"

"ಕೊಡೋ ಹಾಗಿಲ್ಲ ಸಾರ್. ಒಳಗಿರೋಳು ನಾನು."

ಪರೀಕ್ಷಕರು ಪೆನ್ನಿನ ತುದಿಯಿಂದ ಬೋಳುತಲೆ ಕೆರೆದುಕೊಂಡರು. ಅಮ್ಮಾವ್ರು ಈಗ ಅಯ್ಯಾವ್ರ ಹೆಸರು, ಅಯ್ಯಾವ್ರ ಸ್ನೇಹಿತರ ಹೆಸರು, ಆ ಸ್ನೇಹಿತರ ಹುದ್ದೆ, ಗಿಡ್ಡಿಯ ಅಪ್ಪ ಅಮ್ಮನ ಯೋಗ್ಯತೆ ಎಲ್ಲವನ್ನೂ ಒಂದೇ ಉಸಿರಿಗೆ ಕೂಗುತ್ತಿದ್ದರು.

"ನಿನ್ನನ್ನೇ ಕೂಗಿ ಕರೆಯುವ ಹಾಗಿದೆ," ಎಂದರು ಪರೀಕ್ಷಕರು. "ಅವರು ಯಾರೆಂದು ನಿನಗೆ ಗೊತ್ತೇ?"

ಗಿಡ್ಡಿ ತಲೆಯೆತ್ತಿ ನೇರವಾಗಿ ನೋಡಿದಳು. ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ಆ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಒಂದು ಹುಬ್ಬನ್ನು ಇನ್ನೊಂದಕ್ಕಿಂತ ಮೇಲೆ ತೀಡಿದ್ದರು. ಮೂಗಿನ ಬದಿಗೆ ಒಂದು ಮಚ್ಚೆ ಇತ್ತು. ಬಾಯಿ ತೆರೆದು ಮುಚ್ಚುತ್ತಿತ್ತು.

"ಇಲ್ಲ ಸಾರ್," ಎಂದಳು. "ಬಲಗಡೆಯಿಂದ ಬಂದಿರೋ ಒಂದು ಗಾಡಿ."

ಎಂದವಳೇ ಹಾರನ್ನಿನ ಮೇಲೆ ಅಂಗೈ ಊರಿದಳು. ಎತ್ತಲಿಲ್ಲ.